ತುಪ್ಪದ ಮರಳು, ತುಪ್ಪದ ಘಮ

ಅಂಗಡಿಯಲ್ಲಿ ತುಪ್ಪದ ಬಾಟಲಿಯನ್ನು ಬೆಳಕಿಗೆ ಹಿಡಿದು, ‘ಮರಳು ಮರಳಾಗಿದೆ, ಅಸಲಿ ತುಪ್ಪವೇ’ ಎಂದು ಕೊಂಡುಕೊಳ್ಳುವವರು ಬಹಳ ಮಂದಿ. ಮರಳು ನನಗೂ ಇಷ್ಟ. ಆದರೆ ಅದನ್ನು ಸಾಕ್ಷಿಗೆ ಕರೆಯಬಾರದು.

ತುಪ್ಪದ ಅಣುವೆಂದರೆ ಒಂದು ಗ್ಲಿಸರಾಲ್, ಅದಕ್ಕಂಟಿದ ಮೂರು ಕೊಬ್ಬಿನಾಮ್ಲ. ಒಂದೊಂದು ಆಮ್ಲ ಅಂಟುವಾಗಲೂ ನೀರಿನ ಒಂದು ಅಣು ಹೊರಬೀಳುತ್ತದೆ. ಆಮ್ಲಗಳ ಜಾಯಮಾನ ಮಾತ್ರ ಬೇರೆ ಬೇರೆ. ಸ್ಟಿಯರಿಕ್, ಒಲಿಯಿಕ್ ಎರಡರಲ್ಲೂ 18 ಇಂಗಾಲ. ಸ್ಟಿಯರಿಕ್‌ನ ಸರಪಣಿ ನೇರ. ಒತ್ತೊತ್ತಾಗಿ ಕೂರುವುದರಿಂದ ಕರಗಲು ಸುಮಾರು 69 ಡಿಗ್ರಿ ಬೇಕು. ಒಲಿಯಿಕ್‌ಗೆ ನಡುವೆ ಒಂದು ದ್ವಿಬಂಧ, ಅಲ್ಲೇ ಬಾಗು. 13–14 ಡಿಗ್ರಿಗೇ ಕರಗಿಬಿಡುತ್ತದೆ. ತುಪ್ಪ ನಿಧಾನವಾಗಿ ಆರಿದರೆ ನೇರ ಸರಪಣಿ ಹೆಚ್ಚಿರುವ ಅಣುಗಳು ಮೊದಲು ಹರಳುಗಟ್ಟುತ್ತವೆ, ಉಳಿದದ್ದು ಸುತ್ತ ದ್ರವವಾಗಿಯೇ ನಿಲ್ಲುತ್ತದೆ. ಅದೇ ಮರಳು. ಬಿಸಿಬಿಸಿಯನ್ನೇ ಫ್ರಿಜ್ಜಿಗೆ ತುರುಕಿದರೆ ಸಣ್ಣ ಹರಳುಗಳು ಒಟ್ಟಿಗೇ ಕಟ್ಟಿ ಮೇಣದ ಮುದ್ದೆಯಾಗುತ್ತದೆ. ಅಂಥದ್ದು ನನಗೆ ಬೇಡ.

ವನಸ್ಪತಿಯನ್ನೂ ಹೀಗೇ ಆರಿಸಿ ಮರಳು ಕಟ್ಟಿಸುತ್ತಿದ್ದರು. ಅದಕ್ಕೇ ನಮ್ಮ ದೇಶದಲ್ಲಿ ವನಸ್ಪತಿಗೆ ಶೇ 5ರಷ್ಟು ಎಳ್ಳೆಣ್ಣೆ ಕಡ್ಡಾಯ ಮಾಡಿದ್ದು. ತುಪ್ಪಕ್ಕೆ ಬೆರೆಸಿದ್ದರೆ, ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸಕ್ಕರೆ ಹಾಕಿ ಕುಲುಕಿದಾಗ ಎಳ್ಳೆಣ್ಣೆ ಕೆಂಪು ಬಣ್ಣ ತೋರಿ ಗುಟ್ಟು ರಟ್ಟು ಮಾಡುತ್ತದೆ!

ಹಾಲಿನ ಕೊಬ್ಬಿನ ಗುರುತು ಹುಡುಕಬೇಕಾದದ್ದು ಬ್ಯುಟಿರಿಕ್ ಆಮ್ಲದಲ್ಲಿ. ನಾಲ್ಕೇ ಇಂಗಾಲದ ಪುಟ್ಟ ಆಮ್ಲ. ಅಡುಗೆ ಎಣ್ಣೆಗಳಲ್ಲಿ ಸಿಗುವುದಿಲ್ಲ. ಗ್ಲಿಸರಾಲ್‌ಗೆ ಅಂಟಿಕೊಂಡಿರುವಷ್ಟು ಕಾಲ ಸುಮ್ಮನಿರುತ್ತದೆ, ಕಳಚಿಕೊಂಡರೆ ಕಮಟು ನಾತ. ಕಳಚಲು, ಅಂಟುವಾಗ ಹೊರಬಿದ್ದ ನೀರು ವಾಪಸು ಸಿಗಬೇಕು. ಬೆಣ್ಣೆಯಲ್ಲಿ ಶೇ 16ರ ಆಸುಪಾಸು ನೀರಿರುತ್ತದೆ. ಹೊರಗಿಟ್ಟರೆ ಸೂಕ್ಷ್ಮಜೀವಿಗಳ ಲೈಪೇಸ್ ಕಿಣ್ವ ಆ ನೀರನ್ನು ಬಳಸಿಯೇ ಬಂಧ ಕತ್ತರಿಸುತ್ತದೆ. ಚಟಪಟ ಸದ್ದು ಅಡಗುವವರೆಗೆ ಬೆಣ್ಣೆ ಕಾಯಿಸುವುದು ಈ ನೀರನ್ನು ಓಡಿಸಲಿಕ್ಕೆ. ಅವಸರದಲ್ಲಿ ಇಳಿಸಿದ ತುಪ್ಪ ಬೇಗ ಕೆಡುವುದೂ ಇದರಿಂದಲೇ.

ನೀರು ಹೋದ ಮೇಲೆ ಶಾಖ 100 ಡಿಗ್ರಿ ದಾಟುತ್ತದೆ. ತಳದಲ್ಲಿ ಕೂತ ಕೇಸೀನ್ ಪ್ರೋಟೀನಿನ ಅಮೈನೊ ಗುಂಪುಗಳಿಗೂ ಲ್ಯಾಕ್ಟೋಸ್ ಸಕ್ಕರೆಗೂ ಆಗ ಕೂಡುತ್ತದೆ. ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಸೋಸಿ ಎಸೆಯುವ ಗಸಿಗೆ ತುಪ್ಪದ ಘಮದಲ್ಲಿ ದೊಡ್ಡ ಪಾಲುಂಟು. ಗಸಿ ಹೊಂಬಣ್ಣಕ್ಕೆ ಬಂದೊಡನೆ ಒಲೆ ಆರಿಸಿ. ಪಾತ್ರೆಯ ಬಿಸಿಗೇ ಬಣ್ಣ ಇನ್ನಷ್ಟು ಏರುತ್ತದೆ. ಕಪ್ಪಿಟ್ಟರೆ ಕಹಿ, ಆಮೇಲೆ ವೀಳ್ಯದೆಲೆ ಹಾಕಿದರೂ ಪ್ರಯೋಜನವಿಲ್ಲ.