ನಿಧಿಯ ನೇರ ಗೆರೆ, ಹಾಯಿಯ ಓರೆ ದಾರಿ

ಇಂಗ್ಲೆಂಡಿನ ದಕ್ಷಿಣ ದಂಡೆಗೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವಿನ ಜಲಸಂಧಿಯ ಹೆಸರು ಸೊಲೆಂಟ್. 1826ರಲ್ಲಿ ಶುರುವಾದ ಕೌಸ್ ಊರಿನ ಹಾಯಿದೋಣಿ ಪಂದ್ಯಗಳು ನಡೆಯುವುದು ಈ ನೀರಿನಲ್ಲೇ. ಶುಕ್ರವಾರ ಸಂಜೆ ಹ್ಯಾಂಬಲ್ ನದಿಯಲ್ಲಿ ದೋಣಿ ಬಾಡಿಗೆಗೆ ಹಿಡಿದು, ಶನಿವಾರ ದ್ವೀಪದ ಯಾರ್ಮತ್ ಬಂದರಿನಲ್ಲಿ ತಂಗಿ, ಭಾನುವಾರ ಮರಳುವುದು ಹವ್ಯಾಸಿ ಗುಂಪುಗಳಿಗೆ ಒಗ್ಗಿದ ಕ್ರಮ. ಇದಕ್ಕೆ ಜಿಯೋಕ್ಯಾಶಿಂಗ್ ಎಂಬ ನಿಧಿಶೋಧವನ್ನೂ ಜೋಡಿಸಿದರೆ ಒಂದೇ ವಾರಾಂತ್ಯದಲ್ಲಿ ಎರಡು ಆಟದ ಸುಖ ಸಿಗುತ್ತದೆಂಬುದು ಕಾಗದದ ಮೇಲೆ ಸೊಗಸಾದ ಲೆಕ್ಕ. ನೀರಿಗಿಳಿದ ಮೇಲೆ ಈ ಲೆಕ್ಕ ತಾಳೆಯಾಗುತ್ತದೆಯೇ?

2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ, ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಅಲ್ಲಿಯತನಕ ನೂರು ಮೀಟರಿನಷ್ಟು ತಪ್ಪಬಹುದಾಗಿದ್ದ ಉಪಕರಣಗಳು ಹತ್ತಿಪ್ಪತ್ತು ಮೀಟರಿನೊಳಗೆ ಜಾಗ ತೋರಿಸತೊಡಗಿದವು. ಮೇ 3ರಂದು ಡೇವ್ ಉಲ್ಮರ್ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಪ್ಲಾಸ್ಟಿಕ್ ಬಕೆಟ್ಟೊಂದನ್ನು ಅಡಗಿಸಿ ಅದರ ಅಕ್ಷಾಂಶ ರೇಖಾಂಶಗಳನ್ನು ಲೋಕಕ್ಕೆ ತಿಳಿಸಿದ. ಕಂಡವರು ಅದರಿಂದ ಏನಾದರೂ ತೆಗೆದುಕೊಂಡು, ಏನಾದರೂ ಇಟ್ಟು, ಒಳಗಿನ ಪುಸ್ತಕದಲ್ಲಿ ಬರೆದು ಹೋಗಬೇಕು. ನಿಖರವಾದ ಒಂದು ಬಿಂದುವನ್ನು ನಂಬಿಯೇ ಈ ಆಟ ಹುಟ್ಟಿತು.

ಜೋಡಣೆಯ ಲಾಭವನ್ನು ಮೊದಲು ಒಪ್ಪಿಕೊಳ್ಳೋಣ. ಗುಂಪಿನ ಹಾಯಿಪಯಣದಲ್ಲಿ ಒಬ್ಬರ ಕೈಯಲ್ಲಿ ಚುಕ್ಕಾಣಿ ಇರುತ್ತದೆ, ಇಬ್ಬರು ಹಾಯಿಯ ಹಗ್ಗ ನೋಡಿಕೊಳ್ಳುತ್ತಾರೆ, ಉಳಿದವರು ಕೈಕಟ್ಟಿ ಕೂರುತ್ತಾರೆ. ಹಾಯಿ ಗೊತ್ತಿಲ್ಲದ ಆ ಉಳಿದವರಿಗೂ ನಿಧಿಶೋಧ ಕೆಲಸ ಕೊಡುತ್ತದೆ. ದಂಡೆ ಮುಟ್ಟಿದ ಮೇಲೆ ಪಬ್ ಬಿಟ್ಟು ಬೇರೆಲ್ಲಿಗೂ ಹೋಗದ ಗುಂಪನ್ನು ಅದು ಒಂದಿಷ್ಟು ನಡೆಸುತ್ತದೆ. ಎಂಟನೆಯ ಹೆನ್ರಿ 1540ರ ದಶಕದಲ್ಲಿ ಕಟ್ಟಿಸಿದ ಹರ್ಸ್ಟ್ ಕೋಟೆಯನ್ನು ದೂರದಿಂದ ಫೋಟೊ ತೆಗೆದು ಸಾಗುವವರು, ಸುಳಿವಿನ ನೆಪದಲ್ಲಾದರೂ ಅದರ ಗೋಡೆಯ ಬುಡದವರೆಗೆ ಹೋಗುತ್ತಾರೆ.

ತೊಡಕು ಇರುವುದು ನಡುವಿನ ದಾರಿಯಲ್ಲಿ. ಫೋನಿನ ಪರದೆ ಡಬ್ಬಿಯ ಕಡೆಗೆ ನೇರ ಗೆರೆ ಎಳೆಯುತ್ತದೆ. ಹಾಯಿದೋಣಿಯಾದರೋ ಗಾಳಿಗೆ ಎದುರಾಗಿ ನೇರ ಸಾಗಲಾರದು. ಸುಮಾರು 45 ಡಿಗ್ರಿ ಓರೆಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಹೊರಳುತ್ತಲೇ ಮುಂದೆ ಹೋಗಬೇಕು. ಮೇಲಾಗಿ ಹರ್ಸ್ಟ್ ಕೋಟೆಯ ಬಳಿಯ ಕಿರಿದಾದ ಬಾಯಲ್ಲಿ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನ ದೊಡ್ಡ ಉಬ್ಬರವಿಳಿತಕ್ಕೆ, ನೀರು ನಾಲ್ಕು ನಾಟ್ ವೇಗದಲ್ಲಿ ಹರಿಯುತ್ತದೆ. ಐದು ನಾಟ್ ಓಡುವ ದೋಣಿ ಈ ಸೆಳೆತಕ್ಕೆ ಎದುರಾದರೆ ಗಂಟೆಗೆ ಒಂದು ನಾಟಿಕಲ್ ಮೈಲಿ ಸಾಗಿದರೆ ಹೆಚ್ಚು. ಪಟ್ಟಿಯಲ್ಲಿ ಇನ್ನೂ ಮೂರು ಡಬ್ಬಿ ಬಾಕಿಯಿರುವ ಗುಂಪು ಆಗ ಮಾಡುವುದು ಒಂದೇ: ಹಾಯಿ ಇಳಿಸಿ ಎಂಜಿನ್ ಹಾಕುತ್ತದೆ. ಆ ಗಳಿಗೆಯಿಂದ ದೋಣಿ ಮೀಟರ್ ಹಾಕಿದ ಆಟೋರಿಕ್ಷಾ.

ಅವಸರ ಬೇಸರ ತಂದರಷ್ಟೇ ಆದರೆ ಸಹಿಸಬಹುದಿತ್ತು. ಇಲ್ಲಿ ಅದು ಅಪಾಯವನ್ನೂ ತರುತ್ತದೆ. ಜಲಸಂಧಿಯ ನಡುವಿನ ಬ್ರ್ಯಾಂಬಲ್ ಎಂಬ ಮರಳದಿಬ್ಬದಲ್ಲಿ 2008ರ ನವೆಂಬರಿನಲ್ಲಿ ಕ್ವೀನ್ ಎಲಿಜಬೆತ್ 2 ಹಡಗೇ ಸಿಕ್ಕಿಕೊಂಡಿತ್ತು. ಆ ಭಾಗದಲ್ಲಿ 150 ಮೀಟರಿಗಿಂತ ಉದ್ದದ ಹಡಗು ಬಂದರೆ ಅದರ ಮುಂದೆ 1,000 ಮೀಟರ್, ಎರಡೂ ಪಕ್ಕಗಳಲ್ಲಿ 100 ಮೀಟರ್ ಒಳಗೆ ಸಣ್ಣ ದೋಣಿಗಳು ಸುಳಿಯುವಂತಿಲ್ಲ. ನಿಧಿಯ ನಕ್ಷೆಗೆ ದಿಬ್ಬವೂ ಕಾಣದು, ಹಡಗೂ ಕಾಣದು.

ಆಟದ ಅಳತೆಗೋಲೂ ನೆಲದ್ದೇ. ಪ್ರತಿ ಡಬ್ಬಿಗೂ ಒಗಟಿನ ಕಷ್ಟಕ್ಕೊಂದು, ನೆಲದ ಕಷ್ಟಕ್ಕೊಂದು ಅಂಕವಿದೆ. ದೋಣಿಯಂಥ ವಿಶೇಷ ಸಲಕರಣೆ ಬೇಕಾದರೆ ನೆಲಕ್ಕೆ ಐದಕ್ಕೆ ಐದು. ಎಂಜಿನ್ ದೋಣಿಯಲ್ಲಿ ಹತ್ತು ನಿಮಿಷಕ್ಕೆ ಹೋದವರಿಗೂ, ಅರ್ಧ ದಿನ ಗಾಳಿಯೊಡನೆ ಹೆಣಗಿ ತಲುಪಿದವರಿಗೂ ಅದೇ ಐದು. ಸಲಕರಣೆಯನ್ನು ಅಳೆಯುವ ಈ ಅಂಕಕ್ಕೆ ಕೌಶಲ ಗೊತ್ತಾಗುವುದಿಲ್ಲ. ಡಬ್ಬಿಯೊಳಗಿನ ಪುಸ್ತಕಕ್ಕೆ ತಂಡದ ಹೆಸರು, ತಾರೀಕು ಸಾಕು. ದೋಣಿಯ ದಿನಚರಿ ಪುಸ್ತಕದಲ್ಲಿ ಗಾಳಿಯ ದಿಕ್ಕು, ವಾಯುಭಾರ, ಹಿಡಿದ ದಾರಿ, ಹೊರಳಿದ ಹೊತ್ತು ಎಲ್ಲವೂ ಇರುತ್ತವೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ವಾರಾಂತ್ಯದ ಕಥೆ ಸಿಗುವುದು ಎರಡನೆಯದರಲ್ಲಿ.

ಸ್ಥಳದ ಹಿತವನ್ನೂ ಎಣಿಸಬೇಕು. ಯಾರ್ಮತ್‌ಗೆ ಪೂರ್ವದ ನ್ಯೂಟೌನ್ ಕೊಲ್ಲಿ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುವ ಪ್ರಕೃತಿಧಾಮ. ಅದರ ಕೆಸರುಬಯಲು ವಲಸೆ ಹಕ್ಕಿಗಳದ್ದು. ಸೊಲೆಂಟಿನ ಆಳವಿಲ್ಲದ ಕಡೆಗಳಲ್ಲಿ ಬೆಳೆದ ಕಡಲಹುಲ್ಲನ್ನು ಲಂಗರು ಬೇರುಸಹಿತ ಕೀಳಬಲ್ಲದು. ಡಬ್ಬಿ ಇಡಲು ಜಾಗದ ಒಡೆಯರ ಅನುಮತಿ ಬೇಕೆಂದು ಆಟದ ನಿಯಮ ಹೇಳುತ್ತದೆ. ಆದರೆ ಅದರ ಹತ್ತಿರ ಲಂಗರು ಹಾಕುವವರಿಗೆ ಎಚ್ಚರ ಹೇಳುವ ಹೊಣೆ ಗುಂಪಿನದೇ.

ಹಾಗೆಂದು ಜೋಡಣೆಯೇ ವ್ಯರ್ಥವೆಂದು ತಳ್ಳಿಹಾಕಲಾರೆ. ಈ ಆಟದಲ್ಲಿ ಡಬ್ಬಿಯೇ ಇಲ್ಲದ ಪ್ರಕಾರವೂ ಒಂದಿದೆ. ಅರ್ಥ್‌ಕ್ಯಾಶ್ ಎಂಬ ಅದರಲ್ಲಿ ಸ್ಥಳಕ್ಕೆ ಹೋಗಿ ಭೂವಿಜ್ಞಾನದ ಪ್ರಶ್ನೆಗೆ ಉತ್ತರಿಸಬೇಕು. ಹಾಯಿಗೆ ಹೇಳಿ ಮಾಡಿಸಿದ ಪ್ರಕಾರ ಇದು. ದ್ವೀಪದ ಪಶ್ಚಿಮ ತುದಿಯ ನೀಡಲ್ಸ್ ಎಂಬ ಸೀಮೆಸುಣ್ಣದ ಬಂಡೆಸಾಲಿನಲ್ಲಿ ಈಗಿರುವುದು ಮೂರು ಬಂಡೆ. ನಾಲ್ಕನೆಯದು 1764ರ ಬಿರುಗಾಳಿಗೆ ಕುಸಿಯಿತು. ಅದು ಯಾವ ಎರಡರ ನಡುವೆ ನಿಂತಿತ್ತು? ತುದಿಯ ದೀಪಸ್ತಂಭ 20 ಸೆಕೆಂಡಿನಲ್ಲಿ ಎಷ್ಟು ಬಾರಿ ಮರೆಯಾಗುತ್ತದೆ, ನಮ್ಮ ಕಡೆಗೆ ಯಾವ ಬಣ್ಣ ತೋರುತ್ತದೆ? ಇಳಿತ ಪಶ್ಚಿಮಕ್ಕೆ ಹರಿಯುವಾಗ ಹೊರಟು, ದೋಣಿಯಲ್ಲಿದ್ದುಕೊಂಡೇ ಕಣ್ಣೆತ್ತಿ ನೋಡಿ ಉತ್ತರ ಹುಡುಕಬೇಕಾದ ಪ್ರಶ್ನೆಗಳಿವು. ಯಾರೂ ಇಳಿಯಬೇಕಿಲ್ಲ, ಲಂಗರು ಬೇಕಿಲ್ಲ, ಚುಕ್ಕಾಣಿ ಹಿಡಿದವರೂ ಆಟದೊಳಗೇ ಇರುತ್ತಾರೆ.

ಹಾಗಾಗಿ ಮೆಚ್ಚುಗೆ ಷರತ್ತಿನ ಮೇಲೆ. ಸಂಘಟಕರು ಮೊದಲು ಉಬ್ಬರವಿಳಿತದ ಕೋಷ್ಟಕ ತೆರೆಯಲಿ, ಆಮೇಲೆ ನಿಧಿಯ ಪಟ್ಟಿ ಬರೆಯಲಿ. ಡಬ್ಬಿಗಳನ್ನು ತಂಗುವ ಊರಿನ ಸಂಜೆಯ ನಡಿಗೆಗೆ ಬಿಟ್ಟು, ಹಗಲಿಗೆ ಕಡಲೇ ಕೇಳುವ ಪ್ರಶ್ನೆಗಳನ್ನು ಇಡಲಿ. ಗಾಳಿ ಒಪ್ಪದಿದ್ದರೆ ಪಟ್ಟಿಯನ್ನು ಅರ್ಧಕ್ಕೇ ಕೈಬಿಡುವ ಅಧಿಕಾರ ದೋಣಿ ನಡೆಸುವವರದ್ದೆಂದು ಶುಕ್ರವಾರವೇ ತೀರ್ಮಾನವಾಗಲಿ. ಇಷ್ಟಕ್ಕೆ ಒಪ್ಪದ ಗುಂಪು ದ್ವೀಪಕ್ಕೆ ಫೆರಿ ಹತ್ತಿ ಸೈಕಲ್ ಬಾಡಿಗೆಗೆ ಪಡೆಯುವುದೇ ಮೇಲು. ಡಬ್ಬಿಯೂ ಹೆಚ್ಚು ಸಿಗುತ್ತದೆ, ಖರ್ಚೂ ಕಡಿಮೆ.