ಹಾರಾಟಕ್ಕೆ ಮುಂಚಿನ ಕಾಲು ಗಂಟೆ

ತಾವೇ ವಿಮಾನ ಕಟ್ಟಿ ಹಾರಿಸುವ ಹವ್ಯಾಸಿಗಳು 1953ರಲ್ಲಿ ಅಮೆರಿಕದಲ್ಲಿ ಇಎಎ ಎಂಬ ಸಂಘ ಕಟ್ಟಿಕೊಂಡರು. ವಿಸ್ಕಾನ್ಸಿನ್‌ನ ಓಷ್ಕಾಷ್ ಈಗ ಅದರ ಕೇಂದ್ರ. ಈ ಸಂಘ 1992ರಲ್ಲಿ ಶುರುಮಾಡಿದ ‘ಯಂಗ್ ಈಗಲ್ಸ್’ ಯೋಜನೆಯಲ್ಲಿ 8ರಿಂದ 17 ವರ್ಷದ ಮಕ್ಕಳನ್ನು ಸಣ್ಣ ವಿಮಾನದಲ್ಲಿ ಪುಕ್ಕಟೆ ಹಾರಿಸುತ್ತಾರೆ. ಇಂಧನದ ಖರ್ಚು ಪೈಲಟ್‌ಗಳದೇ. ಹೆಸರು ಬರೆದುಕೊಳ್ಳುವುದು, ಮಕ್ಕಳನ್ನು ವಿಮಾನದವರೆಗೆ ಕೈಹಿಡಿದು ಕರೆತರುವುದು ಸ್ಥಳೀಯ ಶಾಖೆಯ ಸ್ವಯಂಸೇವಕರ ಕೆಲಸ. 2016ರಲ್ಲಿ 20 ಲಕ್ಷನೆಯ ಮಗುವನ್ನು ಹಾರಿಸಿದವರು ನಟ ಹ್ಯಾರಿಸನ್ ಫೋರ್ಡ್. ಕೈಯಿಂದ ದುಡ್ಡು ಹಾಕಿ ಊರ ಮಕ್ಕಳಿಗೆ ಆಕಾಶ ತೋರಿಸುವ ಈ ಔದಾರ್ಯ ದೊಡ್ಡದು.

ಆದರೆ ಯೋಜನೆಯ ಜೀವ ಇರುವುದು ನೆಲದ ಮೇಲೆ, ಹಾರುವ ಮೊದಲಿನ ಕಾಲು ಗಂಟೆಯ ತಪಾಸಣೆಯಲ್ಲಿ. ಪೈಲಟ್ ರೆಕ್ಕೆಯ ಅಡಿಗೆ ಬಗ್ಗಿ ಪಾರದರ್ಶಕ ಕೊಳವೆಯೊಂದನ್ನು ಒತ್ತಿ ಸ್ವಲ್ಪ ಇಂಧನ ಇಳಿಸಿಕೊಳ್ಳುತ್ತಾರೆ. ಗುರುತಿಗೆಂದು ಈ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಬೆರೆಸಿರುತ್ತಾರೆ. ನೀರು ಸೇರಿದ್ದರೆ ಅದು ಬಣ್ಣವಿಲ್ಲದೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಒಳ್ಳೆಯ ಪೈಲಟ್ ಕೊಳವೆಯನ್ನು ಮಗುವಿನ ಕೈಗೇ ಕೊಟ್ಟು, ‘ನೀರೇನಾದರೂ ಕಾಣುತ್ತಾ, ನೋಡಿ ಹೇಳು’ ಎನ್ನುತ್ತಾರೆ. ಒಂದು ರೆಕ್ಕೆಯ ಹಿಂದಂಚಿನ ಪಟ್ಟಿಯನ್ನು, ಅಂದರೆ ಐಲರಾನನ್ನು, ಮೇಲೆತ್ತಿಸಿದರೆ ಆಚೆ ರೆಕ್ಕೆಯದು ಕೆಳಗಿಳಿಯುತ್ತದೆ, ಒಳಗೆ ವಿಮಾನ ನಡೆಸುವ ಹಿಡಿಯೂ ತಿರುಗುತ್ತದೆ. ವಿಜ್ಞಾನದ ಪಾಠ ಹೀಗೆ ಕೈಗೆ ಸಿಗುತ್ತದೆ. ಜೀವಕ್ಕೆ ಸಂಬಂಧಿಸಿದ ಕೆಲಸದಲ್ಲಿ ನನ್ನ ಕಣ್ಣನ್ನೂ ದೊಡ್ಡವರು ನಂಬಿದರು ಎಂಬ ಹೆಮ್ಮೆ ಮಗುವಿಗೆ ಸಿಗುತ್ತದಲ್ಲ, ಅದನ್ನು ಯಾವ ತರಗತಿ ಕೊಟ್ಟೀತು?

ನನ್ನ ತಕರಾರು ಎಣಿಕೆಯ ಬಗ್ಗೆ. ರೈಟ್ ಸಹೋದರರ ಹಾರಾಟಕ್ಕೆ ನೂರು ತುಂಬುವ 2003ರ ಡಿಸೆಂಬರ್ 17ರೊಳಗೆ 10 ಲಕ್ಷ ಮಕ್ಕಳನ್ನು ಹಾರಿಸುವ ಗುರಿ ಇಟ್ಟುಕೊಂಡೇ ಯೋಜನೆ ಹುಟ್ಟಿತು. ಗುರಿಯನ್ನು ಮುಟ್ಟಿತು ಕೂಡ. ಎಣಿಕೆಯ ಗೀಳು ಮಾತ್ರ ಉಳಿಯಿತು. ಸಾಲು ಉದ್ದವಾದ ದಿನ ಮೊದಲು ಕತ್ತರಿ ಬೀಳುವುದು ಆ ಕಾಲು ಗಂಟೆಗೇ. ಬಸ್ಸಿಗೆ ಹತ್ತಿಸಿದ ಹಾಗೆ ಮಕ್ಕಳನ್ನು ಹತ್ತಿಸಿ ಇಳಿಸುತ್ತಾರೆ. ಸೆಸ್ನಾ 172ರಲ್ಲಿ ಒಮ್ಮೆಗೆ ಮೂವರು ಮಕ್ಕಳು ಕೂರಬಹುದು. ಹಿಡಿ ಸಿಗುವುದು ಮುಂದೆ ಕೂತ ಒಬ್ಬರಿಗೆ. ಹಿಂದಿನ ಇಬ್ಬರು ಬರೀ ಪ್ರಯಾಣಿಕರು. ಲೆಕ್ಕದಲ್ಲಿ ಮೂವರೂ ಒಂದೇ.

ಇನ್ನೊಂದು ಕೊರತೆ, ಅಪ್ಪ ಅಮ್ಮನ ಮೇಲಿನ ಭಾರ. ಸಹಿ ಅವರದೇ ಬೇಕು, ಅದು ಸರಿಯೇ. ಊರಾಚೆಯ ಏರ್‌ಫೀಲ್ಡಿಗೆ ಮಗುವನ್ನು ಕರೆತರುವುದೂ ಹೆಚ್ಚಾಗಿ ಅವರ ಪಾಲಿಗೇ ಬೀಳುತ್ತದೆ. ಕಾರಿಲ್ಲದ, ರಜೆಯಿಲ್ಲದ ಮನೆಯ ಮಗು ಅಲ್ಲಿಗೆ ಹೇಗೆ ಬರಬೇಕು? ಊರ ಶಾಲೆಗೆ ಒಬ್ಬ ಹವ್ಯಾಸಿ ಖಾಯಂ ಸ್ನೇಹಿತನಾಗಿದ್ದರೆ ಆ ದಾರಿ ಶಿಕ್ಷಕರ ಮೂಲಕ ತೆರೆಯುತ್ತದೆ.

ಅಮೆರಿಕದ ಕೆಲವು ಕಡೆ ಹೈಸ್ಕೂಲು ಮಕ್ಕಳು ಹಿರಿಯರ ಜತೆ ವಾರವಾರವೂ ಶೆಡ್ಡಿನಲ್ಲಿ ಕೂತು ಆರ್‌ವಿ-12ರಂಥ ನಿಜವಾದ ವಿಮಾನವನ್ನೇ ಕಟ್ಟುತ್ತಾರೆ. ರಿವೆಟ್ ಸೊಟ್ಟಗೆ ಕೂತರೆ ಕೊರೆದು ತೆಗೆದು ಮತ್ತೆ ಹೊಡೆಯಬೇಕು. ಮಕ್ಕಳ ಸಂಖ್ಯೆ ಚಿಕ್ಕದು, ಒಡನಾಟ ದೊಡ್ಡದು. ಯಂಗ್ ಈಗಲ್ಸ್ ಕಲಿಯಬೇಕಾದ್ದು ಈ ಶೆಡ್ಡುಗಳಿಂದ. ಹಾರಿದ ಪ್ರತಿ ಮಗುವಿನ ಹೆಸರನ್ನು ಅಷ್ಟು ಅಕ್ಕರೆಯಿಂದ ದಾಖಲಿಸುವ ಸಂಘ, ಎರಡನೇ ಸಲ ಹ್ಯಾಂಗರಿಗೆ ಬಂದ ಮಕ್ಕಳನ್ನೂ ಎಣಿಸಲು ತೊಡಗಲಿ.