ತೆಗೆಯದೇ ಉಳಿದ ಫೋಟೊ

ಮೆಕಾಂಗ್ ನದಿ ದಾಟುತ್ತಿರುವ ಫೆರಿ. ಕಂಬಿಗೆ ಒರಗಿ ನಿಂತ ಹದಿನೈದೂವರೆ ವರ್ಷದ ಬಡ ಫ್ರೆಂಚ್ ಹುಡುಗಿ. ತಲೆಯ ಮೇಲೆ ಗಂಡಸರ ಹ್ಯಾಟು, ಕಾಲಲ್ಲಿ ಜರಿ ಮಿನುಗುವ ಹೈಹೀಲ್ಸ್. ಮಾರ್ಗರಿತ್ ದ್ಯುರಾಸ್ 1984ರಲ್ಲಿ, ತಮ್ಮ ಎಪ್ಪತ್ತನೇ ವಯಸ್ಸಿನಲ್ಲಿ ಪ್ರಕಟಿಸಿದ ಆತ್ಮಕಥನದಂಥ ಕಾದಂಬರಿ ‘ಲಾಮಾಂ’ ಈ ಚಿತ್ರದ ಸುತ್ತಲೇ ಗಿರಕಿ ಹೊಡೆಯುತ್ತದೆ. ವಿಚಿತ್ರವೆಂದರೆ ಇದರ ಫೋಟೊವನ್ನು ಯಾರೂ ತೆಗೆದಿರಲಿಲ್ಲ. ತೆಗೆಯದೇ ಉಳಿದದ್ದರಿಂದಲೇ ಆ ಗಳಿಗೆಗೆ ಅಷ್ಟು ಕಸುವು ಎನ್ನುತ್ತದೆ ಕಾದಂಬರಿ.

1992ರಲ್ಲಿ ಈ ಕಾದಂಬರಿಯನ್ನು ಸಿನಿಮಾ ಮಾಡಿದ ನಿರ್ದೇಶಕ ಜಾನ್-ಜಾಕ್ ಅನ್ನೋ ವಿಯೆಟ್ನಾಮಿಗೇ ಹೋಗಿ ಆ ಫೋಟೊ ತೆಗೆದೇ ಬಿಟ್ಟರು. ಚಿತ್ರದ ಛಾಯಾಗ್ರಹಣ ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು. ನನ್ನ ತಕರಾರು ಆ ಚೆಲುವಿನ ಬಗ್ಗೆಯೇ. ಕಾದಂಬರಿಯಲ್ಲಿ ಹುಡುಗಿ ಒಮ್ಮೆ ‘ನಾನು’, ಮರುಸಾಲಿನಲ್ಲೇ ‘ಅವಳು’. ಮುದುಕಿಯೊಬ್ಬಳು ತನ್ನ ನೆನಪನ್ನೇ ನಂಬದೆ ತಡವುತ್ತಾಳೆ. ಸಿನಿಮಾದಲ್ಲಿ ನಟಿ ಝಾನ್ ಮೊರೋ ಅವರ ಒಡೆದ ದನಿ ಆ ಮುದುಕಿಯದು. ಆದರೆ ಕ್ಯಾಮೆರಾ ಅದಕ್ಕೆ ಕಿವಿಗೊಡುವುದಿಲ್ಲ. ಹುಡುಗಿ ತನ್ನ ಶ್ರೀಮಂತ ಚೀನೀ ಪ್ರಿಯಕರನನ್ನು ಸೇರುವ ಚೋಲನ್ ಪ್ರದೇಶದ ಕೋಣೆಯ ಹೊಂಬೆಳಕಿನಲ್ಲಿ ಅವಳನ್ನು ಹೊರಗಿನವನ ಕಣ್ಣಿನಿಂದ, ಯಾವ ಅಳುಕೂ ಇಲ್ಲದೆ ನೋಡುತ್ತದೆ. ಅವಳ ವಯಸ್ಸು ನೆನಪಾದರೆ ಇದು ಬರೀ ಶೈಲಿಯ ಪ್ರಶ್ನೆಯಲ್ಲ.

ದ್ಯುರಾಸ್ ಚಿತ್ರದಿಂದ ದೂರ ಸರಿದರು. ಅದು ತೆರೆಗೆ ಬರುವ ಮುನ್ನವೇ, 1991ರಲ್ಲಿ, ಅದೇ ಕತೆಯನ್ನು ಇನ್ನೊಂದು ಕಾದಂಬರಿಯಾಗಿ ಬರೆದು, ಸಿನಿಮಾ ಮಾಡುವುದಾದರೆ ಹೇಗೆಂದು ಅಡಿಟಿಪ್ಪಣಿಗಳನ್ನೂ ಹಾಕಿದರು. ತಮ್ಮ ‘ಇಂಡಿಯಾ ಸಾಂಗ್’ (1975) ಚಿತ್ರದಲ್ಲಿ ಕಲ್ಕತ್ತೆಯನ್ನು ಫ್ರಾನ್ಸಿನಲ್ಲೇ ಕಟ್ಟಿ, ತೆರೆಯ ಮೇಲಿನವರ ತುಟಿ ಅಲುಗದಂತೆ ಮಾತನ್ನೆಲ್ಲ ಹೊರಗಿಂದ ಕೇಳಿಸಿದ್ದವರು ಇನ್ನೇನು ಮಾಡಿಯಾರು?

ಹಾಗೆಂದು ಅನ್ನೋ ಸೋತರೆಂದು ಸುಮ್ಮನೆ ಷರಾ ಬರೆಯಲಾರೆ. ಈ ಪ್ರೇಮಕ್ಕೆ ಅಡ್ಡಿ ಎರಡು ಕಡೆಯಿಂದ: ಫ್ರೆಂಚ್ ವಸಾಹತಿನಲ್ಲಿ ಬಡ ಬಿಳಿಯರೂ ಶ್ರೀಮಂತ ಚೀನೀಯನಿಗಿಂತ ಮೇಲು, ಅತ್ತ ಅವನ ಅಪ್ಪನಿಗೆ ಬಿಳಿ ಸೊಸೆ ಬೇಡ. ಸಮುದ್ರ ನುಗ್ಗಿ ಹಾಳಾಗುವ ಜಮೀನು ಕೊಂಡು ದಿವಾಳಿಯಾದ ಹುಡುಗಿಯ ತಾಯಿಯ ಕತೆಯನ್ನು ಸಿನಿಮಾ ಅವಸರದಲ್ಲಿ ದಾಟಿಬಿಡುತ್ತದೆ. ಆದರೆ ಹೋಟೆಲಿನ ಊಟದ ದೃಶ್ಯದಲ್ಲಿ ಎಲ್ಲವೂ ಇದೆ. ಹುಡುಗಿಯ ಅಣ್ಣಂದಿರು ಗಬಗಬನೆ ತಿನ್ನುತ್ತಾರೆ, ಕುಡಿಯುತ್ತಾರೆ. ಕರೆದುಕೊಂಡು ಬಂದವನೊಂದಿಗೆ ಮಾತಿಲ್ಲ. ಪ್ರಿಯಕರನ ಪಾತ್ರದ ಟೋನಿ ಲಿಯುಂಗ್ ಕಾ-ಫಾಯ್ ಮುಖದ ಮೇಲಿನ ನಗು ಎಲ್ಲಿ ಇಳಿಸಬೇಕೆಂದು ತಿಳಿಯದೆ ಹಾಗೇ ನಿಲ್ಲುತ್ತದೆ. ಬಿಲ್ಲು ಅವನದೇ. ಚಂದಗಾಣಿಸಲು ಅಲ್ಲಿ ಕ್ಯಾಮೆರಾಗೆ ಏನೂ ಸಿಗುವುದಿಲ್ಲ. ಇಡೀ ಚಿತ್ರದಲ್ಲಿ ದ್ಯುರಾಸ್ ಅವರ ಗದ್ಯದ ನಿಷ್ಠುರತೆ ದಕ್ಕಿರುವುದು ಅಲ್ಲಿ ಮಾತ್ರ.